ದರ ಹೇಳುವ ಮೊದಲು ನೆಲ ನೋಡುವ ಗುತ್ತೇದಾರ

ಮೇ ತಿಂಗಳಲ್ಲಿ ಭಾಲ್ಕಿ ಕಡೆಯ ಎರೆ ಹೊಲಕ್ಕೆ ಇಳಿದು ನೋಡಿ. ನೆಲ ಬಾಯಿಬಿಟ್ಟಿರುತ್ತದೆ, ಕೆಲವು ಬಿರುಕಿಗೆ ಕೈ ಹಾಕಿದರೆ ಮೊಳಕೈವರೆಗೆ ಇಳಿಯುತ್ತದೆ. ಮೃಗಶಿರಾ ಮಳೆ ನಾಲ್ಕು ಸಲ ಹೊಡೆಯಿತೆಂದರೆ ಅದೇ ನೆಲ ಉಬ್ಬಿ, ಬಿರುಕೆಲ್ಲ ಮುಚ್ಚಿ, ಕಾಲಿನ ಚಪ್ಪಲಿ ಕಿತ್ತುಕೊಳ್ಳುವಷ್ಟು ಅಂಟಾಗುತ್ತದೆ. ತೊಗರಿಗೆ, ಕಡಲೆಗೆ, ಸೋಯಾಕ್ಕೆ ಇದಕ್ಕಿಂತ ಒಳ್ಳೆಯ ಮಣ್ಣು ಬೇಕಿಲ್ಲ. ಆದರೆ ಮನೆಗೆ ಇದರಷ್ಟು ಕಾಡುವ ಮಣ್ಣು ಇನ್ನೊಂದಿಲ್ಲ.

ನಮ್ಮ ಕಾಕಾ ಇಂಥ ನೆಲದ ಮೇಲೆ ಮನೆ ಕಟ್ಟಿಸಿದರು. ಗುತ್ತೇದಾರ ಬೀದರಿನವನು, ಪರಿಚಯದವನೇ. ಜಾಗ ನೋಡಲು ಬಂದವನು ಮೋಟರ್‌ಸೈಕಲ್ಲಿನಿಂದ ಇಳಿಯಲಿಲ್ಲ. "ಫೂಟಿಗೆ ಎಷ್ಟ್ ಬೀಳ್ತದ?" ಎಂದು ಕಾಕಾ ಕೇಳಿದರು; ಅವನು ಅಲ್ಲೇ ಕುಳಿತು ದರ ಹೇಳಿದ. "ನೀವೇನ್ ಚಿಂತಿ ಮಾಡಬ್ಯಾಡ್ರಿ ಕಾಕಾ, ಎಲ್ಲಾ ನಾ ನೋಡ್ಕೋತೀನಿ" ಎಂದ. ದರ ಸರಿ ಕಂಡಿತು, ಮಾತು ಮುಗಿಯಿತು. ಎರಡನೆಯ ಬೇಸಿಗೆಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಎದ್ದಿತು. ಪುಟ್ಟಿ ತುಂಬಿ ಬಣ್ಣ ಬಳಿದರು. ಮೂರನೆಯ ಬೇಸಿಗೆಗೆ ಅದೇ ಬಿರುಕಿನಲ್ಲಿ ಒಂದು ರೂಪಾಯಿ ನಾಣ್ಯ ನಿಲ್ಲುತ್ತಿತ್ತು.

ಆ ಗುತ್ತೇದಾರ ಮೋಸಗಾರನಾಗಿರಲಿಲ್ಲ. ಸಿಮೆಂಟು ಕದಿಯಲಿಲ್ಲ, ಸಳಿ ಕಡಿಮೆ ಹಾಕಲಿಲ್ಲ. ಬೀದರಿನಲ್ಲಿ ಅವನು ಕಟ್ಟಿದ ಮನೆಗಳು ಇವತ್ತಿಗೂ ಗಟ್ಟಿಯಾಗಿ ನಿಂತಿವೆ. ಬೀದರಿನ ಕೆಂಪು ನೆಲಕ್ಕೆ ಹಾಕುತ್ತಿದ್ದ ನಾಲ್ಕು ಫೂಟಿನ ಪಾಯವನ್ನೇ ಭಾಲ್ಕಿಯ ಕರಿ ನೆಲಕ್ಕೂ ಹಾಕಿದ, ಅಷ್ಟೆ. ನಾವೂ ಕೇಳಲಿಲ್ಲ, ಅವನೂ ಕೇಳಲಿಲ್ಲ. ಅಂದಿನಿಂದ ಮನೆ ಕಟ್ಟಿಸಲು ಹೊರಟ ಯಾರೇ ನನ್ನನ್ನು ಕೇಳಿದರೂ ಮೊದಲು ಹೇಳುವುದು ಇದನ್ನೇ: ನಿಮ್ಮ ಗುತ್ತೇದಾರ ದರ ಹೇಳುವ ಮೊದಲು ನೆಲ ನೋಡುತ್ತಾನೆಯೇ, ಅದನ್ನು ಗಮನಿಸಿ.

ಮೂರು ಊರು, ಬೇರೆ ಬೇರೆ ನೆಲ

ಬೀದರ್ ನಗರ ಕುಳಿತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲೆ. ಕೋಟೆಯ ಕಂದಕವನ್ನು ಇದೇ ಬಂಡೆಯನ್ನು ಕಡಿದು ತೋಡಿದ್ದಾರೆ. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ ಇದರ ಮೇಲೆಯೇ ನಿಂತಿದೆ. ನೆಲದಿಂದ ಆಗ ತಾನೇ ತೆಗೆದಾಗ ಈ ಕಲ್ಲು ಮೆತ್ತಗೆ, ಕೊಡಲಿಗೆ ಸಿಗುವಂತಿರುತ್ತದೆ. ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಭಾರ ಹೊರಲು ಒಳ್ಳೆಯ ನೆಲ. ಆದರೆ ಇದು ತೂತು ತೂತಿನ ಕಲ್ಲು, ನೀರು ಸಲೀಸಾಗಿ ಇಳಿದುಹೋಗುತ್ತದೆ. ಕೆಳಗಿನ ಕರಿಕಲ್ಲಿನ ಪದರಕ್ಕೆ ತಾಗಿ ಆ ನೀರು ನಿಲ್ಲುತ್ತದೆ. ಬಹಮನಿ ಕಾಲದ ಕಾರೇಜ್ ಎಂಬ ಸುರಂಗ ಕಾಲುವೆಗಳು ನೌಬಾದ್ ಕಡೆಯಲ್ಲಿ ಹಿಡಿದು ತಂದದ್ದು ಇದೇ ನೀರನ್ನು. ಹಾಗಾಗಿ ಬೀದರಿನಲ್ಲಿ ಗುತ್ತೇದಾರನನ್ನು ಕೇಳಬೇಕಾದ ಪ್ರಶ್ನೆ ಪಾಯದ ಆಳಕ್ಕಿಂತ ಹೆಚ್ಚಾಗಿ ಪಾಯಖಾನೆಯ ಗುಂಡಿಯದು. ಆ ಗುಂಡಿ ಎಲ್ಲಿ ಬರುತ್ತದೆ, ನಿಮ್ಮ ಮತ್ತು ಪಕ್ಕದವರ ಬಾವಿ, ಬೋರಿನಿಂದ ಎಷ್ಟು ದೂರ, ಒಳಚರಂಡಿಗೆ ಜೋಡಿಸಲು ಬರುತ್ತದೆಯೇ? "ಎಲ್ಲಿ ಜಾಗ ಸಿಗ್ತದೋ ಅಲ್ಲಿ ತೋಡೋಣ್ರಿ" ಎನ್ನುವವನಿಗೆ ಈ ಕೆಂಪು ಕಲ್ಲು ನೀರನ್ನು ಹೇಗೆ ಒಯ್ಯುತ್ತದೆ ಎಂಬುದು ಗೊತ್ತಿಲ್ಲ.

ಬೀದರಿನಿಂದ 40 ಕಿಲೋಮೀಟರ್ ಆಸುಪಾಸಿನ ಭಾಲ್ಕಿಗೆ ಹೋದರೆ ಕಥೆಯೇ ಬೇರೆ. ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಯಲ್ಲಿ ಹಿಗ್ಗುತ್ತದೆ. ಮನೆಯ ನಡುವಿನ ನೆಲಕ್ಕೆ ಮಳೆ ತಾಗುವುದಿಲ್ಲ, ಅಂಚಿನ ನೆಲಕ್ಕೆ ತಾಗುತ್ತದೆ. ಆದ್ದರಿಂದ ಮನೆ ಎಲ್ಲ ಕಡೆ ಒಂದೇ ಸಮ ಏರಿಳಿಯುವುದಿಲ್ಲ; ಒಂದು ಮೂಲೆ ಎದ್ದರೆ ಇನ್ನೊಂದು ಕೂರುತ್ತದೆ. ಗೋಡೆ ಬಿಡುವುದು ಅಲ್ಲೇ. ಇದಕ್ಕೆ ದಾರಿಗಳಿವೆ. ಎರೆಮಣ್ಣಿನ ಪದರ ತೆಳುವಿದ್ದರೆ ಅದನ್ನು ಪೂರಾ ತೆಗೆದು ಗಟ್ಟಿ ಮುರುಮಿನವರೆಗೆ ಇಳಿಯಬೇಕು. ಪದರ ಆಳವಿದ್ದರೆ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬಗಳನ್ನು ನೆಲಕ್ಕಿಳಿಸಿ, ಮೇಲೆ ಬೀಮ್ ಕಟ್ಟಿ, ಅದರ ಮೇಲೆ ಗೋಡೆ ಏರಿಸಬೇಕು. ಇವಕ್ಕೆ ಅಂಡರ್‌ರೀಮ್ಡ್ ಪೈಲ್ ಎನ್ನುತ್ತಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮಂಥ ಎರೆ ಸೀಮೆಗಾಗಿಯೇ ಬೆಳೆಸಿದ ಪದ್ಧತಿ ಇದು. ಆಳದ ಎರೆಯಲ್ಲಿ ಈ ಕಂಬಗಳು ಸಾಮಾನ್ಯವಾಗಿ ಮೂರೂವರೆ ಮೀಟರಿನಷ್ಟು ಇಳಿಯುತ್ತವೆ, ಋತುಮಾನದ ಹಿಗ್ಗು ಕುಗ್ಗು ಅಷ್ಟು ಕೆಳಗೆ ಮುಟ್ಟುವುದಿಲ್ಲವೆಂಬ ಲೆಕ್ಕದಲ್ಲಿ.

ನಿಮ್ಮ ಜಾಗಕ್ಕೆ ಯಾವುದು ಬೇಕೆಂದು ಎಂಜಿನಿಯರ್ ಹೇಳಬೇಕು. ಆದರೆ ಗುತ್ತೇದಾರನನ್ನು ಪರೀಕ್ಷಿಸಲು ನಿಮಗೆ ಮೂರು ಪ್ರಶ್ನೆ ಸಾಕು. ಪಾಯದಿಂದ ತೆಗೆದ ಕರಿಮಣ್ಣನ್ನು ಏನು ಮಾಡುತ್ತೀರಿ? ಮನೆಯೊಳಗಿನ ಭರ್ತಿಗೆ ಏನು ಹಾಕುತ್ತೀರಿ? ಮನೆಯ ಸುತ್ತ ಬೀಳುವ ನೀರು ಎಲ್ಲಿಗೆ ಹೋಗುತ್ತದೆ? ತಿಳಿದವನಾದರೆ ಹೀಗೆ ಹೇಳುತ್ತಾನೆ: ಕರಿಮಣ್ಣು ಹೊರಗೆ ಒಯ್ಯಬೇಕು, ಒಂದು ಬುಟ್ಟಿಯೂ ಭರ್ತಿಗೆ ಹಾಕಬಾರದು, ಮುರುಮನ್ನು ಪದರ ಪದರವಾಗಿ ನೀರು ಹೊಡೆದು ದಮ್ಮಸು ಮಾಡಬೇಕು, ಮನೆಯ ಸುತ್ತ ನಾಲ್ಕೈದು ಫೂಟು ಅಗಲದ ಕಟ್ಟೆ ಹೊರಮುಖವಾಗಿ ಇಳಿಜಾರಾಗಿರಬೇಕು, ಬಚ್ಚಲ ನೀರಿನ ಪೈಪು, ಗಿಡಮರ ಗೋಡೆಗೆ ಅಂಟಿಕೊಂಡಿರಬಾರದು. ತೆಗೆದ ಮಣ್ಣನ್ನೇ ಮತ್ತೆ ತುಂಬಿ ಟ್ರಿಪ್ಪಿನ ಖರ್ಚು ಉಳಿಸಿಕೊಡುತ್ತೇನೆ ಎನ್ನುವವನಿಗೆ ನಮಸ್ಕಾರ ಹೇಳಿ ಕಳಿಸಿ.

ರಾಜ್ಯದ ಉತ್ತರದ ತುದಿಯ ಔರಾದಿನಲ್ಲಿ ಒಂದೇ ಬಡಾವಣೆಯಲ್ಲಿ ಒಂದು ಪ್ಲಾಟಿಗೆ ಎರೆ, ಎರಡು ಪ್ಲಾಟು ಆಚೆಗೆ ಕರಿಬಂಡೆ ಬರಬಹುದು. ಅಲ್ಲಿನ ಜಗಳ ಬೇರೆ ತರದ್ದು. ಅಗೆತ ಶುರುವಾದ ಎರಡನೆಯ ದಿನ "ಬಂಡಿ ಬಂದದ ಮಾಲಕ್ರೆ, ಬ್ರೇಕರ್ ತರಿಸಬೇಕು" ಎಂಬ ಫೋನು ಬರುತ್ತದೆ. ದರದಲ್ಲಿ ಅದು ಸೇರಿತ್ತೇ ಎಂದು ಯಾರೂ ಮಾತಾಡಿರುವುದಿಲ್ಲ.

ಅದಕ್ಕೇ ನನ್ನ ಸಲಹೆ: ಗುತ್ತೇದಾರರನ್ನು ಕರೆಯುವ ಮೊದಲು ಪ್ಲಾಟಿನ ಎರಡು ಎದುರುಬದುರು ಮೂಲೆಗಳಲ್ಲಿ ಒಂದೊಂದು ಗುಣಿ ತೆಗೆಸಿ. ಅರ್ಧ ದಿನದ ಜೆಸಿಬಿ ಬಾಡಿಗೆಯಲ್ಲಿ ಮುಗಿಯುವ ಕೆಲಸ. ಗಟ್ಟಿ ನೆಲ ಎಷ್ಟು ಆಳಕ್ಕೆ ಸಿಕ್ಕಿತು ಎಂದು ಟೇಪು ಹಿಡಿದು ಅಳೆದು, ಫೋಟೊ ತೆಗೆದು ಇಟ್ಟುಕೊಳ್ಳಿ. ದರ ಹೇಳಲು ಬಂದವರಿಗೆಲ್ಲ ಅದೇ ಗುಣಿ ತೋರಿಸಿ. ಯಾರು ಕೆಳಗೆ ಬಗ್ಗಿ ಮಣ್ಣು ಕೈಗೆ ತೆಗೆದುಕೊಂಡು ನೋಡುತ್ತಾರೆ, ಯಾರು ದೂರದಿಂದಲೇ ತಲೆ ಆಡಿಸುತ್ತಾರೆ ಎಂಬುದು ಅಲ್ಲೇ ಕಾಣುತ್ತದೆ. ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಕಾಲೇಜು, ಬೀದರಿನ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಎರಡರಲ್ಲೂ ಸಿವಿಲ್ ವಿಭಾಗವಿದೆ. ಮಣ್ಣಿನ ಪರೀಕ್ಷೆ, ಕಾಂಕ್ರೀಟಿನ ಪರೀಕ್ಷೆ ಮಾಡಿಕೊಡುತ್ತಾರೆಯೇ ಎಂದು ಹೋಗಿ ವಿಚಾರಿಸುವುದರಲ್ಲಿ ನಷ್ಟವೇನಿಲ್ಲ.

ಮೂರು ಮಳೆಗಾಲ ಕಂಡ ಮನೆ

ಗುತ್ತೇದಾರ ತನ್ನ ಕೆಲಸ ತೋರಿಸಲು ನಿಮ್ಮನ್ನು ಹೊಸ ಮನೆಗೇ ಕರೆದೊಯ್ಯುತ್ತಾನೆ. ಬಣ್ಣದ ವಾಸನೆ ಇನ್ನೂ ಹೋಗಿರುವುದಿಲ್ಲ, ಬಾಗಿಲಿನ ತೋರಣ ಒಣಗಿರುವುದಿಲ್ಲ. ಹೊಸ ಮನೆಗಳೆಲ್ಲ ಚೆನ್ನಾಗಿಯೇ ಇರುತ್ತವೆ. ನೀವು ಕೇಳಬೇಕಾದದ್ದು ಮೂರು ಮಳೆಗಾಲ ಕಂಡ ಮನೆ, ಅದೂ ನಿಮ್ಮ ನೆಲದಂಥದೇ ನೆಲದ ಮೇಲಿನದು. ಭಾಲ್ಕಿಯಲ್ಲಿ ಕಟ್ಟಿಸುವವರು ಭಾಲ್ಕಿಯ ಮನೆ ನೋಡಿ. ಬೀದರಿನ ಮನೆಯಿಂದ ಏನೂ ತಿಳಿಯುವುದಿಲ್ಲ. ನೋಡಲು ಒಳ್ಳೆಯ ಕಾಲ ಏಪ್ರಿಲ್, ಮೇ. ಎರೆ ಪೂರಾ ಕುಗ್ಗಿರುತ್ತದೆ, ಗೋಡೆಯ ಗುಟ್ಟೆಲ್ಲ ಹೊರಗೆ ಬಂದಿರುತ್ತದೆ.

ಒಳಗೆ ಹೋದಾಗ ಕಿಟಕಿ ಬಾಗಿಲುಗಳ ಮೂಲೆ ನೋಡಿ, ಓರೆ ಬಿರುಕು ಅಲ್ಲಿಂದಲೇ ಏಳುತ್ತದೆ. ಕಂಬಕ್ಕೂ ಇಟ್ಟಂಗಿ ಗೋಡೆಗೂ ಸೇರುವಲ್ಲಿ ನೇರ ಗೆರೆ ಬಿಟ್ಟಿದೆಯೇ? ಗಿಲಾವಿನ ಕೂದಲೆಳೆ ಬಿರುಕು ದೊಡ್ಡ ವಿಷಯವಲ್ಲ, ಎಲ್ಲ ಮನೆಯಲ್ಲೂ ಇರುತ್ತದೆ. ಬಾಗಿಲು ಹಾಕಿ ತೆಗೆದು ನೋಡಿ. ಮಳೆಗಾಲಕ್ಕೆ ಒಂದು ತರ, ಬೇಸಿಗೆಗೆ ಒಂದು ತರ ಸಿಗಿಬೀಳುತ್ತದೆಯೇ ಎಂದು ಕೇಳಿ. ಮಾಳಿಗೆ ಹತ್ತಿ ನೀರು ಹೊರಹೋಗುವ ಕಡೆ ಪಾಚಿ ಕಟ್ಟಿದೆಯೇ ನೋಡಿ. ಆಮೇಲೆ ಯಜಮಾನರ ಹತ್ತಿರ ಕುಳಿತು ಚಹಾ ಕುಡಿಯುವಷ್ಟರಲ್ಲಿ, ನಿಮ್ಮ ಮನೆಯ ಹೆಣ್ಣುಮಕ್ಕಳು ಅಡುಗೆಮನೆಗೆ ಹೋಗಿ ಅಲ್ಲಿನ ಅಕ್ಕನನ್ನೋ ಅವ್ವನನ್ನೋ ಮಾತಾಡಿಸಲಿ. ಬಚ್ಚಲ ನೀರು ಹಿಂದಕ್ಕೆ ಬರುತ್ತದೆಯೇ, ಸಿಂಕಿನ ಕೆಳಗೆ ತೇವವಿದೆಯೇ, ಕರೆದಾಗ ಗುತ್ತೇದಾರ ಬಂದನೇ, ಮನೆ ಮುಗಿದ ಮೇಲೆ ಎಷ್ಟು ಹೆಚ್ಚು ಕೊಡಬೇಕಾಯಿತು? ಯಜಮಾನ ತಾನು ಆರಿಸಿದ ಗುತ್ತೇದಾರನನ್ನು ಬಿಟ್ಟುಕೊಡುವುದಿಲ್ಲ. ದಿನಾ ಆ ಮನೆಯಲ್ಲಿ ಬದುಕುವವರು ಇದ್ದದ್ದು ಇದ್ದಂತೆ ಹೇಳುತ್ತಾರೆ.

ಇನ್ನು ಇಬ್ಬರನ್ನು ಕೇಳಬೇಕು. ಒಬ್ಬರು ಅವನು ಸಿಮೆಂಟು, ಸಳಿ ಒಯ್ಯುವ ಅಂಗಡಿಯವರು. ಬಾಕಿ ಎಷ್ಟೆಂದು ಅವರು ಹೇಳಲಿಕ್ಕಿಲ್ಲ, ಆದರೆ ಹೆಸರು ಹೇಳಿದಾಗ ಮುಖ ನೋಡಿದರೆ ಗೊತ್ತಾಗುತ್ತದೆ. ಇನ್ನೊಬ್ಬರು ಅವನ ಕೈಕೆಳಗೆ ದುಡಿದ ಗೌಂಡಿಗಳು. ಸಂತೆಯ ದಿನ ಬಟವಡೆ ಸರಿಯಾಗಿ ಆಗುತ್ತಿತ್ತೇ ಎಂದು ಕೇಳಿ. ಕೂಲಿಯವರಿಗೆ ದುಡ್ಡು ತಪ್ಪಿಸುವವನ ಬಳಿ ಒಳ್ಳೆಯ ಗೌಂಡಿ ನಿಲ್ಲುವುದಿಲ್ಲ, ಮತ್ತು ನಿಮ್ಮ ಮನೆ ಕಟ್ಟುವವನು ಕೊನೆಗೂ ಗೌಂಡಿಯೇ. ಅದಕ್ಕೇ ನೇರವಾಗಿ ಕೇಳಬೇಕು: ನಮ್ಮ ಕೆಲಸಕ್ಕೆ ಮುಖ್ಯ ಗೌಂಡಿ ಯಾರು? ಈಗ ಎಷ್ಟು ಕಡೆ ಕೆಲಸ ನಡೆದಿದೆ? ಕೆಲಸವನ್ನು ಇನ್ನೊಬ್ಬರಿಗೆ ವಹಿಸುತ್ತೀರಾ?

ಲೋಕೋಪಯೋಗಿ ಇಲಾಖೆಯ ಮೊದಲ ದರ್ಜೆಯ ಲೈಸೆನ್ಸು ಇದೆ ಎಂದು ಕೆಲವರು ಎದೆಯುಬ್ಬಿಸಿ ಹೇಳುತ್ತಾರೆ. ಅದು ಸರ್ಕಾರಿ ಟೆಂಡರ್ ಹಿಡಿಯಲು ಬೇಕಾದ ನೋಂದಣಿ. ರಸ್ತೆ, ಚರಂಡಿ ಮಾಡಿದವರ ಬಳಿಯೂ ಇರುತ್ತದೆ. ನಿಮ್ಮ ಮನೆ ಹೇಗೆ ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಗದು. ರೇರಾ ನೋಂದಣಿಯೂ ಹಾಗೆಯೇ. ಅದು ಫ್ಲಾಟು, ಪ್ಲಾಟು ಮಾಡಿ ಮಾರುವವರಿಗೆ ಬೇಕಾದದ್ದು, ನಿಮ್ಮ ಜಾಗದಲ್ಲಿ ನಿಮ್ಮ ಮನೆ ಕಟ್ಟುವವನಿಗೆ ಸಂಬಂಧವಿಲ್ಲ. ಕರೆಂಟಿನ ಕೆಲಸದ ಮಾತು ಬೇರೆ: ಜೆಸ್ಕಾಂ ಮೀಟರು ಬರಬೇಕಾದರೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಗುತ್ತೇದಾರನೇ ಬೇಕು. ಅಲ್ಲಿ ಕಾಗದ ಕೇಳಿಯೇ ಕೇಳಿ.

ದರದ ಒಳಗೆ ಏನಿದೆ

ನಮ್ಮ ಕಡೆ ಎರಡು ಬಗೆಯ ಗುತ್ತಿಗೆ. ಒಂದು ಬರೀ ಮಜೂರಿ: ಸಿಮೆಂಟು, ಸಳಿ, ಉಸುಕು, ಖಡಿ, ಇಟ್ಟಂಗಿ ಎಲ್ಲ ಮಾಲಕರದು. ಇನ್ನೊಂದು ಮಾಲು ಸಹಿತ. ದಿನಾ ಜಾಗಕ್ಕೆ ಹೋಗಿ ನಿಲ್ಲಬಲ್ಲವರಿಗೆ, ಇಲ್ಲವೇ ನಂಬಿಕೆಯ ತಮ್ಮನೋ ಅಳಿಯನೋ ಊರಲ್ಲಿದ್ದವರಿಗೆ ಮೊದಲನೆಯದು ಒಳ್ಳೆಯದು. ಹೈದರಾಬಾದಿನಲ್ಲೋ ಪುಣೆಯಲ್ಲೋ ನೌಕರಿ ಮಾಡುತ್ತ ಊರಲ್ಲಿ ಮನೆ ಕಟ್ಟಿಸುವವರು ಮಾಲು ಸಹಿತವೇ ಕೊಡುವುದು ಮೇಲು, ಆದರೆ ಯಾವ ಮಾಲು ಎಂಬುದನ್ನು ಹೆಸರು ಸಹಿತ ಬರೆಸಿಕೊಳ್ಳಬೇಕು. ಒಂಟಿ ವಾಸದ ಮನೆಯ ಬರೀ ಮಜೂರಿ ಗುತ್ತಿಗೆಗೆ ಜಿಎಸ್‌ಟಿ ವಿನಾಯಿತಿ ಇದೆ. ಮಾಲು ಸಹಿತ ಗುತ್ತಿಗೆಯಲ್ಲಿ ಜಿಎಸ್‌ಟಿ ದರದೊಳಗೆ ಸೇರಿದೆಯೋ ಹೊರಗೋ ಕೇಳಿ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಳೆಯ ಲೆಕ್ಕದ ಮೇಲೆ ಯಾರಾದರೂ ದರ ಕಟ್ಟಿದ್ದರೆ ತೋರಿಸಿ ಕೇಳಬಹುದು.

ಚದರ ಫೂಟಿನ ದರವೆಂದರೆ ಅರ್ಧ ಮಾತು. ಯಾವ ಫೂಟು? ಛಜ್ಜಾ, ಪೋರ್ಟಿಕೊ, ಮೆಟ್ಟಿಲ ಮೇಲಿನ ಕೋಣೆ ಇವೆಲ್ಲ ಪೂರಾ ಲೆಕ್ಕವೋ ಅರ್ಧ ಲೆಕ್ಕವೋ? ಪ್ಯಾರಾಪೆಟ್, ನೀರಿನ ಸಂಪು, ಕಂಪೌಂಡು, ಗುಂಡಿ ಒಳಗಿವೆಯೇ? ಪಾಯದ ಆಳ ಎಷ್ಟರವರೆಗೆ ಈ ದರದಲ್ಲಿ, ಅದಕ್ಕಿಂತ ಕೆಳಗೆ ಹೋದರೆ ಫೂಟಿಗೆ ಎಷ್ಟು, ಬಂಡೆ ಬಂದರೆ ಯಾರ ಖರ್ಚು? ಕಟ್ಟಡದ ನೀರು, ಕರೆಂಟು ಯಾರದು? ಔರಾದಿನ ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಲೆಕ್ಕ ಸಣ್ಣದಲ್ಲ. ನಾಲ್ವರ ದರ ತಂದು ಪಕ್ಕಪಕ್ಕ ಇಟ್ಟು ನೋಡುವಾಗ ಈ ಪ್ರಶ್ನೆಗಳಿಗೆ ನಾಲ್ವರ ಉತ್ತರವನ್ನೂ ಬರೆದುಕೊಳ್ಳಿ. ಎಲ್ಲಕ್ಕಿಂತ ಕಡಿಮೆ ದರ ಹೇಳಿದವನು ಎಷ್ಟೋ ಸಲ ಎಲ್ಲಕ್ಕಿಂತ ಕಡಿಮೆ ಕೆಲಸವನ್ನು ಎಣಿಸಿರುತ್ತಾನೆ.

ಬರೆದುಕೊಳ್ಳುವ ಸಂಕೋಚ

ನಮ್ಮಲ್ಲಿ ಗುತ್ತೇದಾರ ಎಂದರೆ ಬಹಳ ಸಲ ಬೀಗರ ಪೈಕಿ, ಓಣಿಯವನು, ಇಲ್ಲವೇ ಅಣ್ಣನ ಗೆಳೆಯ. "ಕಾಗದಾ ಪತ್ರಾ ಯಾಕ್ರಿ ನಮ್ಮ ನಮ್ಮೊಳಗ?" ಎಂದು ಅವನು ಕೇಳಿದರೆ ನಮ್ಮ ಬಾಯಿ ಕಟ್ಟುತ್ತದೆ. ನಾನು ಕಂಡಂತೆ ಮನೆ ಕಟ್ಟಿಸಿ ಕೆಟ್ಟ ನೆಂಟಸ್ತಿಕೆಗಳೆಲ್ಲ ಬಾಯಿಮಾತಿನ ಗುತ್ತಿಗೆಯಿಂದ ಕೆಟ್ಟವು. ಬರೆದುಕೊಂಡ ಕಾರಣಕ್ಕೆ ಕೆಟ್ಟದ್ದನ್ನು ನೋಡಿಲ್ಲ. ಛಾಪಾ ಕಾಗದದ ಮೇಲೆ ಇಬ್ಬರು ಸಾಕ್ಷಿಗಳ ಮುಂದೆ ಬರೆಯಿಸಿ. ಗುತ್ತೇದಾರ ಓದುವ ಭಾಷೆಯಲ್ಲಿಯೇ ಇರಲಿ. ಕನ್ನಡ, ಮರಾಠಿ, ಉರ್ದು ಮೂರೂ ನಡೆಯುವ ನಾಡು ನಮ್ಮದು. ಮನೆಯಲ್ಲಿ ಮರಾಠಿ ಮಾತಾಡುವ ಗೌಂಡಿಗೆ ಇಂಗ್ಲಿಷ್ ಕರಾರು ಕೊಟ್ಟು ಸಹಿ ಹಾಕಿಸಿದರೆ ಅವನಿಗೂ ತಿಳಿಯುವುದಿಲ್ಲ, ನಿಮಗೂ ಉಪಯೋಗವಿಲ್ಲ. ಮಂಜೂರಾದ ನಕ್ಷೆಯ ಪ್ರತಿ, ಸಳಿಯ ಡ್ರಾಯಿಂಗು, ಮಾಲಿನ ಪಟ್ಟಿ, ಗುಣಿಯ ಫೋಟೊ ಎಲ್ಲವನ್ನೂ ಅದಕ್ಕೆ ಲಗತ್ತಿಸಿ. ನಡುವೆ ಮಾಡಿಸುವ ಹೆಚ್ಚುವರಿ ಕೆಲಸಕ್ಕೆ ದರ ಮೊದಲು, ಕೆಲಸ ಆಮೇಲೆ ಎಂಬ ಒಂದು ಸಾಲು ಇರಲೇಬೇಕು.

ಇಸಾರದ ವಿಷಯದಲ್ಲಿ ಮುಹೂರ್ತ ನಮ್ಮ ಕೈ ಕಟ್ಟುತ್ತದೆ. ಶುಕ್ರವಾರ ಭೂಮಿಪೂಜೆ, ಗುರುವಾರ ರಾತ್ರಿ ಗುತ್ತೇದಾರ ಬಂದು ದೊಡ್ಡ ಮೊತ್ತ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಕರಾರು ಮತ್ತು ಇಸಾರ ಭೂಮಿಪೂಜೆಗೆ ಕನಿಷ್ಠ ಹದಿನೈದು ದಿನ ಮೊದಲೇ ಮುಗಿದಿರಲಿ. ಜನ ಕೂಡಿಸಿ ಕೆಲಸ ಶುರು ಮಾಡುವಷ್ಟು ಮಾತ್ರ ಮುಂಗಡ ಕೊಡಿ. ಮುಂದೆ ಪಾಯ, ಪ್ಲಿಂತ್ ಬೀಮ್, ಲಿಂಟೆಲ್, ಸ್ಲ್ಯಾಬು, ಗಿಲಾವು, ನೆಲಹಾಸು ಹೀಗೆ ಹಂತ ಮುಗಿದ ಮೇಲೆ ಹಂತದ ದುಡ್ಡು. ಬ್ಯಾಂಕು ಮನೆ ಸಾಲ ಬಿಡುವುದೂ, ಬಸವ ವಸತಿಯಂಥ ಸರ್ಕಾರಿ ಮನೆಗಳ ಕಂತು ಬರುವುದೂ ಹೀಗೇ. ಕೊನೆಯ ಶೇ 5ರಿಂದ 10ರಷ್ಟನ್ನು ಒಂದು ಮಳೆಗಾಲ ಕಳೆಯುವವರೆಗೆ ಕೈಯಲ್ಲಿ ಇಟ್ಟುಕೊಳ್ಳುವ ಮಾತನ್ನು ಮೊದಲ ದಿನವೇ ಬರೆಸಿ. ಕೊನೆಯಲ್ಲಿ ಹೇಳಿದರೆ ಜಗಳವಾಗುತ್ತದೆ. ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ. ಒಂದು ವ್ಯವಹಾರಕ್ಕೆ ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆದಿದೆ. ವಾರದ ಬಟವಡೆಗೆ ಕೈಯಿಂದ ಕೊಡಲೇಬೇಕಾದಾಗ ಒಂದು ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಸಹಿ ಮಾಡಿಸಿಕೊಳ್ಳಿ.

ತಪ್ಪು ಎಲ್ಲ ಗುತ್ತೇದಾರರದೇ ಎಂದು ಬರೆದರೆ ಅನ್ಯಾಯ. ಸ್ಲ್ಯಾಬ್ ಆದ ಮೇಲೆ ಅಡುಗೆಮನೆ ಇತ್ತ ಬರಲಿ ಎನ್ನುವವರು, ತೊಗರಿ ಮಾರಿದ ಮೇಲೆ ಕೊಡುತ್ತೇನೆ ಎಂದು ಎರಡು ತಿಂಗಳ ಬಟವಡೆ ನಿಲ್ಲಿಸುವವರು ನಮ್ಮಲ್ಲೇ ಇದ್ದಾರೆ. ಗುತ್ತೇದಾರ ಕೆಲಸ ಬಿಟ್ಟು ಹೋದ ಎಂಬ ಕಥೆಗಳಲ್ಲಿ ಎಷ್ಟೋ ಸಲ ಮೊದಲು ನಿಂತದ್ದು ನಮ್ಮ ದುಡ್ಡು. ಸುಗ್ಗಿಯ ಲೆಕ್ಕವನ್ನೂ ಇಬ್ಬರೂ ಮೊದಲೇ ಹಾಕಬೇಕು. ಸೋಯಾ ಕೊಯ್ಲಿಗೆ, ತೊಗರಿ ರಾಶಿಗೆ ಆಳುಗಳು ಹೊಲಕ್ಕೆ ಹೋಗುತ್ತಾರೆ. ಕೈಪಳಗಿದ ಗೌಂಡಿಗಳನ್ನು ಹೈದರಾಬಾದು ಸೆಳೆಯುತ್ತದೆ. ಎರೆ ನೆಲದಲ್ಲಿ ದೀಪಾವಳಿ ಕಳೆದ ಮೇಲೆ ಪಾಯ ತೋಡಿ, ಮಳೆಗಾಲಕ್ಕೆ ಮುಂಚೆ ಮಾಳಿಗೆ ಮುಚ್ಚುವಂತೆ ಹೊಂದಿಸಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಜಾಗದಲ್ಲಿ ನಿಂತು ನೋಡುವುದು

ಗುತ್ತೇದಾರ ಎಷ್ಟೇ ಒಳ್ಳೆಯವನಿರಲಿ, ಅವನಿಗೆ ಸಂಬಂಧವಿಲ್ಲದ ಒಬ್ಬ ಎಂಜಿನಿಯರಿಗೆ ಫೀ ಕೊಟ್ಟು ಐದು ಸಲ ಕರೆಸಿ: ಪಾಯದ ತಳ ಕಂಡಾಗ, ಪ್ಲಿಂತ್ ಬೀಮಿನ ಸಳಿ ಕಟ್ಟಿದಾಗ, ಲಿಂಟೆಲ್‌ಗೆ, ಸ್ಲ್ಯಾಬಿಗೆ ಕಾಂಕ್ರೀಟು ಸುರಿಯುವ ಹಿಂದಿನ ದಿನ, ಮತ್ತು ಗಿಲಾವಿಗೆ ಮುಂಚೆ. ಇಡೀ ಮನೆಯ ಖರ್ಚಿನಲ್ಲಿ ಇದಕ್ಕಿಂತ ಉಪಯೋಗದ ಖರ್ಚು ನನಗೆ ಗೊತ್ತಿಲ್ಲ. ನಕ್ಷೆಯಿಂದ ಆಚೀಚೆ ಆಗದಂತೆ ನೋಡುವುದೂ ಅವರ ಕೆಲಸ. ಬೀದರ್ ನಗರಾಡಳಿತವಿರಲಿ, ಭಾಲ್ಕಿ ಪುರಸಭೆಯಿರಲಿ, ಔರಾದ್ ಪಟ್ಟಣ ಪಂಚಾಯಿತಿಯಿರಲಿ, ಮಂಜೂರಾತಿ ಸಿಕ್ಕ ನಕ್ಷೆಗೆ ಕಟ್ಟಡ ಹೊಂದಬೇಕು. ಅನುಭೋಗ ಪ್ರಮಾಣಪತ್ರ ನೋಡಿದ ಮೇಲೆಯೇ ಕರೆಂಟು, ನೀರು ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. "ಎಲ್ಲರೂ ಬಿಡ್ತಾರ್ರಿ, ಒಂದ್ ಫೂಟ್ ಮುಂದ ತರೋಣ" ಎಂಬ ಗುತ್ತೇದಾರನ ಉದಾರತೆಗೆ ನಾಳೆ ದಂಡ ಕಟ್ಟುವವರು ನೀವು.

ನೀವೇ ನೋಡಬಹುದಾದ ಕೆಲವು ಇವೆ. ಸಿಮೆಂಟಿನ ಚೀಲದ ಮೇಲೆ ತಯಾರಾದ ವಾರ, ತಿಂಗಳು ಇರುತ್ತದೆ. ಮೂರು ತಿಂಗಳು ದಾಟಿದ್ದು ಬೇಡ. ಸಳಿಯನ್ನು ತೂಕಕ್ಕೆ ಕೊಳ್ಳಿ. 12 ಮಿಲಿಮೀಟರಿನ ಸಳಿ ಮೀಟರಿಗೆ 0.888 ಕೆ.ಜಿ. ತೂಗಬೇಕು, ಅಂದರೆ 12 ಮೀಟರಿನ ಒಂದು ಸಳಿಗೆ 10 ಕೆ.ಜಿ. 650 ಗ್ರಾಮಿನಷ್ಟು, 8 ಮಿಲಿಮೀಟರಿನದು ಮೀಟರಿಗೆ 0.395 ಕೆ.ಜಿ. ಉಸುಕು, ಖಡಿ ಬ್ರಾಸ್ ಲೆಕ್ಕದಲ್ಲಿ ಬರುತ್ತವೆ, ಒಂದು ಬ್ರಾಸ್ ಎಂದರೆ 100 ಘನ ಫೂಟು. ಟಿಪ್ಪರಿನ ಉದ್ದ, ಅಗಲ, ತುಂಬಿದ ಎತ್ತರ ಫೂಟಿನಲ್ಲಿ ಅಳೆದು ಗುಣಿಸಿ: 10, 6, 2.5 ಬಂದರೆ 150, ಒಂದೂವರೆ ಬ್ರಾಸ್. ತೇವದ ಉಸುಕು ಉಬ್ಬಿ ಹೆಚ್ಚಾಗಿ ಕಾಣುತ್ತದೆ, ಅದನ್ನೂ ನೆನಪಿಡಿ.

ಸ್ಲ್ಯಾಬಿನ ದಿನ ಮಾತ್ರ ಮನೆಯಲ್ಲಿ ಯಾರೂ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಸಳಿಯ ಕೆಳಗೆ 20 ಮಿಲಿಮೀಟರ್ ಎತ್ತಿ ಹಿಡಿಯುವ ಕವರ್ ಬಿಲ್ಲೆಗಳು ಇವೆಯೇ, ಕಾಂಕ್ರೀಟು ಕನಿಷ್ಠ ಎಂ-20 ಬರುವಂತೆ ಅಳತೆಯ ಡಬ್ಬಿಯಲ್ಲಿ ಖಡಿ, ಉಸುಕು ಹಾಕುತ್ತಿದ್ದಾರೆಯೇ, ನೀರನ್ನು ಪೈಪು ಹಿಡಿದು ಸುಮ್ಮನೆ ಬಿಡುತ್ತಿದ್ದಾರೆಯೇ ನೋಡಿ. ಒಂದು ಚೀಲ ಸಿಮೆಂಟಿಗೆ 27 ಲೀಟರು ದಾಟಬಾರದು. ಜಾರಲು ಸಲೀಸು ಎಂದು ನೀರು ಹೆಚ್ಚು ಸುರಿಸುವ ಚಾಳಿಯೇ ನಮ್ಮ ಮಾಳಿಗೆಗಳು ಸೋರಲು ದೊಡ್ಡ ಕಾರಣ. ಆಮೇಲೆ ನೀರು ಹೊಡೆಯುವ ಕೆಲಸ. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ. ಈಗ ಎಲ್ಲೆಡೆ ಸಿಗುವ ಪಿಪಿಸಿ ಸಿಮೆಂಟಿಗೆ, ಅದೂ ನಮ್ಮ ಬೇಸಿಗೆಯಲ್ಲಿ, 14 ದಿನ ಸ್ಲ್ಯಾಬಿನ ಮೇಲೆ ನೀರು ನಿಲ್ಲಬೇಕು. ಸೆಂಟ್ರಿಂಗ್ ಸಾಮಾನು ಇನ್ನೊಂದು ಕಡೆ ಬೇಕಾಗಿದೆ ಎಂದು ಅವಸರ ಮಾಡುವವರಿದ್ದಾರೆ. ನಾಲ್ಕೂವರೆ ಮೀಟರು ದಾಟಿದ ಸ್ಲ್ಯಾಬಿನ ಆಸರೆ, ಆರು ಮೀಟರೊಳಗಿನ ಬೀಮಿನ ಆಸರೆ 14 ದಿನಕ್ಕೆ ಮುಂಚೆ ತೆಗೆಯುವಂತಿಲ್ಲ.

ಲಿಂಟೆಲ್ ಪಟ್ಟಿಯ ವಿಷಯಕ್ಕೆ ಒಂದು ಮಾತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣಪತಿ ಬಿಟ್ಟು ಬಂದು ಮಲಗಿದ್ದ ಜನ, ಪಕ್ಕದ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತಮುತ್ತ ಸಾವಿರಾರು ಸಂಖ್ಯೆಯಲ್ಲಿ ತಮ್ಮದೇ ಮನೆಗಳಡಿ ಸತ್ತರು. ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ, ನಾಲ್ಕೂ ಗೋಡೆಯನ್ನು ಒಟ್ಟಿಗೆ ಹಿಡಿಯುವ ಪಟ್ಟಿ ಒಂದೂ ಇಲ್ಲ. ಆ ನಡುಕ ಬೀದರ್ ಜಿಲ್ಲೆಗೂ ಮುಟ್ಟಿತ್ತು. ಹಾಗಿದ್ದೂ ಇವತ್ತಿಗೂ "ಕಿಟಕಿ ಮ್ಯಾಲಷ್ಟೇ ಲಿಂಟೆಲ್ ಹಾಕಿದ್ರ ಸಾಕು, ಸುತ್ತಲೂ ಯಾಕ?" ಎನ್ನುವ ಗುತ್ತೇದಾರರಿದ್ದಾರೆ. ಆ ಪಟ್ಟಿ ಮನೆಯ ಸುತ್ತ ಎಲ್ಲ ಗೋಡೆಯ ಮೇಲೂ ತುಂಡಾಗದೆ ಓಡಬೇಕು. ಇದರಲ್ಲಿ ಉಳಿಸುವ ಮಾತಾಡಿದವನ ಜತೆ ಮುಂದಿನ ಮಾತು ಬೇಡ.

ಕೆಲಸ ಕೆಟ್ಟಾಗ

ಮೊದಲು ಮಾತು, ಆಮೇಲೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು. ಅದಕ್ಕೂ ಬಗ್ಗದಿದ್ದರೆ ಬೀದರಿನಲ್ಲೇ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಸೇವೆ ಎಂಬುದರ ಅರ್ಥದೊಳಗೆ ಮನೆ ಕಟ್ಟುವ ಕೆಲಸ ಸ್ಪಷ್ಟವಾಗಿ ಸೇರಿದೆ. ನೀವು ಕೊಟ್ಟ ಹಣ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ತಕರಾರು ಎದ್ದ ದಿನದಿಂದ ಎರಡು ವರ್ಷದೊಳಗೆ ದೂರು ಹೋಗಬೇಕು. ಕರಾರು, ಬ್ಯಾಂಕಿನ ದಾಖಲೆ, ಹಂತಹಂತದ ಫೋಟೊ, ಜೊತೆಗೆ ಸಂಬಂಧವಿಲ್ಲದ ಎಂಜಿನಿಯರ್ ಒಬ್ಬರ ವರದಿ ಇದ್ದರೆ ದೂರಿಗೆ ಕಾಲು ಬರುತ್ತದೆ. ವರದಿ ಇಲ್ಲದೆ ಬಿರುಕಿನ ಫೋಟೊ ಮಾತ್ರ ಹಿಡಿದು ಹೋದರೆ, ಬಿರುಕು ಬಿಟ್ಟದ್ದು ಕೆಟ್ಟ ಕೆಲಸದಿಂದಲೇ ಎಂದು ತೋರಿಸುವುದು ಕಷ್ಟ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೂ ಕೇಳಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಕೀಲರ ನೆರವು ಪುಕ್ಕಟೆ.

ಕಾಕಾ ಆಯೋಗಕ್ಕೆ ಹೋಗಲಿಲ್ಲ. ಕರಾರೇ ಇರಲಿಲ್ಲ, ಎರಡು ವರ್ಷವೂ ಕಳೆದಿತ್ತು. ಭಾಲ್ಕಿಯ ಒಬ್ಬ ಗೌಂಡಿಯನ್ನು ಕರೆದರು. ಅವನು ಬಂದವನೇ ದರ ಹೇಳದೆ ಗೋಡೆಯ ಪಕ್ಕ ಗುಣಿ ತೋಡಿದ. ಬಚ್ಚಲ ಪೈಪಿನ ಜೋಡಣೆ ಸೋರಿ ಆ ಮೂಲೆಯ ಎರೆ ಬೇಸಿಗೆಯಲ್ಲೂ ಹಸಿಯಾಗಿತ್ತು, ಎದುರು ಮೂಲೆ ಒಣಗಿ ಕುಗ್ಗಿತ್ತು. ಪೈಪನ್ನು ದೂರಕ್ಕೆ ಒಯ್ದ, ಸುತ್ತ ಕಟ್ಟೆ ಹಾಕಿದ, ಗೋಡೆಗೆ ಅಂಟಿಕೊಂಡಿದ್ದ ನುಗ್ಗೆ ಗಿಡ ತೆಗೆಸಿದ. ಬಿರುಕನ್ನು ಮಾತ್ರ ಮುಟ್ಟಲಿಲ್ಲ. ಎರಡೂ ದಡಕ್ಕೆ ಅಡ್ಡಲಾಗಿ ಸಿಮೆಂಟಿನ ಮೂರು ತೆಳು ಪಟ್ಟಿ ಹಚ್ಚಿ ತಾರೀಖು ಬರೆದ. ಗೋಡೆ ಇನ್ನೂ ಆಡುತ್ತಿದ್ದರೆ ಆ ಪಟ್ಟಿಗಳು ಒಡೆಯುತ್ತವೆ ಎಂದ. ಕಾಕಾ ಪೂರಾ ದುಡ್ಡು ಕೊಡಲು ಹೋದರೆ ಅರ್ಧ ಮಾತ್ರ ತೆಗೆದುಕೊಂಡ.

"ಒಂದು ಮಳಿ ಆಗ್ಲಿ, ಒಂದು ಬ್ಯಾಸಿಗಿ ಆಗ್ಲಿ ಕಾಕಾ. ಪಟ್ಟಿ ಒಡೀಲಿಲ್ಲಂದ್ರ ಬಂದು ಗಿಲಾವ್ ಮಾಡ್ತೀನಿ, ಆವಾಗ ಕೊಡ್ರಿ."

ಮುಂದಿನ ಮೇ ತಿಂಗಳಲ್ಲಿ ಯಾರೂ ಕರೆಯದೆ ಅವನೇ ಬಂದ. ಮೂರರಲ್ಲಿ ಎರಡು ಪಟ್ಟಿ ಹಾಗೇ ಇದ್ದವು. ಒಂದು ಕೂದಲೆಳೆಯಷ್ಟು ಬಿಟ್ಟಿತ್ತು. ಅದನ್ನು ಬೆರಳಿನಲ್ಲಿ ಸವರಿ ನೋಡಿ, ಇನ್ನೊಂದು ವರ್ಷ ಕಾಯೋಣ ಎಂದು ಚಹಾ ಕುಡಿದು ಹೋದ.